ದಾಳದಲ್ಲಿ ಆರು ಯಾಕೆ ಬೀಳುತ್ತಿಲ್ಲ?

ಪ್ರಶ್ನೆ: ಸರ್, ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಏಳು ಕೆಂಪು ಎಲ್‌ಇಡಿ ಮತ್ತು ಒಂದು ಬಟನ್ ಬಳಸಿ ದಾಳ ಮಾಡಿದ್ದೇನೆ. ಕೋಡ್ ಜೊತೆಗಿದೆ. ಆರು ಬೀಳುವುದೇ ಇಲ್ಲ. ಆನ್ ಮಾಡಿದಾಗಲೆಲ್ಲ ಅಂಕಿಗಳು ಅದೇ ಸಾಲಿನಲ್ಲಿ ಬರುತ್ತವೆ. ನನ್ನ ತಮ್ಮ ಆ ಸಾಲನ್ನು ಬಾಯಿಪಾಠ ಮಾಡಿಕೊಂಡು ಗೆಲ್ಲುತ್ತಿದ್ದಾನೆ! ಎಲ್‌ಇಡಿಗಳಿಗೇ ಏಳು ಪಿನ್ ಹೋಗಿವೆ, ಕಡಿಮೆ ಮಾಡಬಹುದಾ? ಅಜ್ಜಿ ಬೇರೆ ‘ಇದರಲ್ಲೇ ಚೌಕಾಬಾರಕ್ಕೂ ಮಾಡಿಕೊಡು’ ಅನ್ನುತ್ತಿದ್ದಾರೆ.
– ಪಿಯುಸಿ ವಿದ್ಯಾರ್ಥಿನಿ, ತಿಪಟೂರು

ಉತ್ತರ: ಕೋಡ್ ನೋಡಿದೆ ಮಗೂ. ರ‍್ಯಾಂಡಮ್(1, 6) ಅಂತ ಬರೆದಿದ್ದೀಯ. ಎರಡು ಅಂಕಿಗಳ ನಡುವೆ ಯಾವುದಾದರೂ ಒಂದನ್ನು ಆರಿಸು ಎನ್ನುವ ಆಜ್ಞೆ ಅದು. ಅಲ್ಲಿ ಮೊದಲ ಅಂಕಿ ಲೆಕ್ಕಕ್ಕೆ ಸೇರುತ್ತದೆ, ಕೊನೆಯದು ಸೇರುವುದಿಲ್ಲ. ಅದಕ್ಕೇ ಐದಕ್ಕೆ ನಿಲ್ಲುತ್ತಿದೆ. 6 ಇರುವ ಕಡೆ 7 ಹಾಕು, ಸರಿಹೋಗುತ್ತದೆ.

ನಿನ್ನ ತಮ್ಮನ ಕಿವಿ ಹಿಂಡುವ ಮೊದಲು ಅವನ ಬೆನ್ನು ತಟ್ಟಬೇಕು. ಅವನು ಹಿಡಿದಿರುವುದು ನಿಜವಾದ ತಪ್ಪು. ಆ ಚಿಪ್‌ಗೆ ದಾಳ ಉರುಳಿಸಲು ಬರುವುದಿಲ್ಲ, ಲೆಕ್ಕ ಹಾಕಲು ಮಾತ್ರ ಬರುತ್ತದೆ. ಒಂದು ಲೆಕ್ಕದ ಉತ್ತರ ಹಿಡಿದು ಮುಂದಿನ ಲೆಕ್ಕ ಮಾಡುತ್ತದೆ. ಶುರು ಮಾಡುವ ಅಂಕಿ ಒಂದೇ ಆದರೆ ಇಡೀ ಸಾಲೂ ಅದೇ. ಏನೂ ಜೋಡಿಸದ ಅನಲಾಗ್ ಪಿನ್ ಓದಿ ಆ ಶುರುವಿನ ಅಂಕಿ ಕೊಡುವವರು ತುಂಬಾ ಜನ. ನನಗೆ ಅದು ಹಿಡಿಸುವುದಿಲ್ಲ. ಕೆಲವು ಸಲ ಓದಿದ ಅಂಕಿ ಅಲ್ಲಲ್ಲೇ ಸುತ್ತುತ್ತಿರುತ್ತದೆ. ಅದರ ಬದಲು ಬಟನ್ ಮೊದಲ ಸಲ ಒತ್ತಿದಾಗ ರ‍್ಯಾಂಡಮ್‌ಸೀಡ್(ಮೈಕ್ರೋಸ್()) ಅಂತ ಒಮ್ಮೆ ಓಡಿಸು. ಮೈಕ್ರೋಸ್() ಅಂದರೆ ಬೋರ್ಡ್ ಆನ್ ಆದಾಗಿನಿಂದ ಕಳೆದ ಮೈಕ್ರೊಸೆಕೆಂಡುಗಳ ಎಣಿಕೆ, ಅದೇ ಶುರುವಿನ ಅಂಕಿಯಾಗುತ್ತದೆ. ಊನೊದಲ್ಲಿ ಈ ಎಣಿಕೆ 4 ಮೈಕ್ರೊಸೆಕೆಂಡಿಗೊಮ್ಮೆ ಮುಂದೆ ಹೋಗುತ್ತದೆ, ಅಂದರೆ ಸೆಕೆಂಡಿಗೆ ಎರಡೂವರೆ ಲಕ್ಷ ಸಲ. ಅಷ್ಟು ಕರಾರುವಾಕ್ಕಾಗಿ ಬಟನ್ ಒತ್ತುವ ಬೆರಳು ನಿಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಅಲ್ವಾ?

ಈ ಮಾತನ್ನು ನಾನು ಸೋತು ಕಲಿತಿದ್ದು. ನಮ್ಮ ಕಾಲದಲ್ಲಿ ಕೋಡ್ ಇರಲಿಲ್ಲ. 555 ಐಸಿ ಎಂಬ ಪುಟ್ಟ ಚಿಪ್ ಟಿಕ್ ಟಿಕ್ ಎಂದು ಪಲ್ಸ್ ಕೊಡುತ್ತಿತ್ತು, 4017 ಐಸಿ ಎಣಿಸುತ್ತಿತ್ತು. ಅದು ಹತ್ತರವರೆಗೆ ಎಣಿಸುವ ಐಸಿ. ಆರಕ್ಕೆ ಮುಗಿಯಲಿ ಎಂದು ಏಳನೇ ಔಟ್‌ಪುಟ್ ಆದ 5ನೇ ಪಿನ್‌ನಿಂದ 15ನೇ ಪಿನ್ ರೀಸೆಟ್‌ಗೆ ವೈರ್ ಎಳೆಯುತ್ತಿದ್ದೆವು. ದೀಪ ಓಡುವುದು ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ನಾನು 555ರ ವೇಗ ನಿರ್ಧರಿಸುವ ಜಾಗದಲ್ಲಿ ದೊಡ್ಡ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿದ್ದೆ. ಸೆಕೆಂಡಿಗೆ ನಾಲ್ಕೈದು ಹೆಜ್ಜೆ, ಅಷ್ಟೇ. ತಂಗಿಯ ಮಗ ಒಂದೇ ಸಂಜೆಯಲ್ಲಿ ಸರಿಯಾಗಿ ಆರಕ್ಕೇ ಬಟನ್ ಬಿಟ್ಟು ದೀಪ ನಿಲ್ಲಿಸಲು ಕಲಿತುಬಿಟ್ಟ. ಹಾವು ಏಣಿ ಆಟದಲ್ಲಿ ಒಂದು ವಾರ ಅವನನ್ನು ಯಾರೂ ಸೋಲಿಸಲಿಲ್ಲ. ಆಮೇಲೆ ಅದನ್ನು ಕಿತ್ತು, 103 ಎಂದು ಬರೆದಿರುವ (0.01 ಮೈಕ್ರೊಫ್ಯಾರಡ್) ಪುಟ್ಟ ಡಿಸ್ಕ್ ಕೆಪಾಸಿಟರ್ ಹಾಕಿದೆ. ವೇಗ ಸಾವಿರ ಪಟ್ಟು ಏರಿತು, ಅಳಿಯನ ಅದೃಷ್ಟ ಇಳಿಯಿತು. ನೀನೂ ದೀಪ ಓಡುವುದನ್ನು ತೋರಿಸಬೇಕು ಅಂತಿದ್ದರೆ ತೋರಿಸು, ಅದು ಸುಮ್ನೆ ಶೋಕಿ. ಬೀಳುವ ಅಂಕಿಗೂ ಆ ಓಟಕ್ಕೂ ಸಂಬಂಧ ಇಡಬೇಡ.

ಇನ್ನು ಪಿನ್. ದಾಳದ ಚುಕ್ಕಿಗಳನ್ನು ಗಮನಿಸು. ನಡುವಿನದು ಒಂಟಿ. ಉಳಿದ ಆರು ಯಾವಾಗಲೂ ಜೋಡಿಯಾಗೇ ಬರುತ್ತವೆ: ಎದುರುಬದುರು ಮೂಲೆಗಳ ಎರಡು ಜೋಡಿ, ಎಡಬಲ ಮಧ್ಯದ ಒಂದು ಜೋಡಿ. ಹಾಗಾಗಿ ನಾಲ್ಕೇ ಪಿನ್ ಸಾಕು. ಜೋಡಿಯ ಪ್ರತಿ ಎಲ್‌ಇಡಿಗೂ ಅದರದ್ದೇ 330 ಓಮ್ ರೆಸಿಸ್ಟರ್ ಇರಲಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿಂದು ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ ಬೀಳುತ್ತದೆ. ಅಂದರೆ ಒಂದಕ್ಕೆ 9 ಮಿಲಿಆಂಪಿಯರ್, ಜೋಡಿಗೆ 18. ಪಿನ್ ಆರಾಮಾಗಿ ಕೊಡುವುದು 20. ಎರಡಕ್ಕೂ ಸೇರಿಸಿ ಒಂದೇ ರೆಸಿಸ್ಟರ್ ಹಾಕುವ ಜಿಪುಣತನ ಬೇಡ, ಒಂದು ಚೆನ್ನಾಗಿ ಉರಿದು ಇನ್ನೊಂದು ಮಂಕಾಗಬಹುದು. ನಾಲ್ಕು ಪಿನ್ ಮತ್ತು ಬಟನ್‌ಗೆ ಒಂದು, ಒಟ್ಟು ಐದು. ಎಂಟೇ ಕಾಲಿನ ಎಟಿಟೈನಿ85 ಚಿಪ್‌ನಲ್ಲೂ ರೀಸೆಟ್ ಮುಟ್ಟದೆ ಸಿಗುವುದು ಸರಿಯಾಗಿ ಐದು ಪಿನ್. ಮುಂದಿನ ರಜೆಗೆ ಅದರಲ್ಲಿ ಮಾಡಿ ನೋಡು, ಬೆಂಕಿಪೊಟ್ಟಣದಷ್ಟಾಗುತ್ತದೆ.

ಅಜ್ಜಿಯ ಬೇಡಿಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಯಿತು. ಇಲ್ಲಿ ಮಾತ್ರ ಒಂದರಿಂದ ನಾಲ್ಕರವರೆಗೆ ರ‍್ಯಾಂಡಮ್ ಬರೆದು ಕೈತೊಳೆದುಕೊಳ್ಳಬೇಡ. ಕವಡೆ ನಾಲ್ಕು. ಬಾಯಿ ಮೇಲಾಗಿ ಬಿದ್ದರೆ ಒಂದು, ಬೋರಲು ಬಿದ್ದರೆ ಸೊನ್ನೆ. ರ‍್ಯಾಂಡಮ್(0, 2) ಅನ್ನು ನಾಲ್ಕು ಸಲ ಕರೆದು ಕೂಡಿಸು. ಸೊನ್ನೆ ಬಂದರೆ ಎಲ್ಲಾ ಕವಡೆ ಬೋರಲು, ಅಂದರೆ ಎಂಟು. ಹೀಗೆ ಮಾಡಿದರೆ ಸರಾಸರಿ ಹದಿನಾರರಲ್ಲಿ ಆರು ಸಲ ಎರಡು ಬೀಳುತ್ತದೆ, ಚೌಕ (ನಾಲ್ಕು) ಒಂದೇ ಸಲ, ಬಾರ (ಎಂಟು) ಒಂದೇ ಸಲ. ಏಳು ದೀಪದಲ್ಲಿ ಎಂಟನ್ನು ತೋರಿಸುವುದು ಹೇಗೆ? ದಾಳದಲ್ಲಿ ಏಳೂ ಒಟ್ಟಿಗೆ ಹೊತ್ತುವ ಅಂಕಿಯೇ ಇಲ್ಲವಲ್ಲ. ಏಳೂ ಹೊತ್ತಿದರೆ ಬಾರ ಅಂತ ಇಟ್ಟುಕೋ.

ಆದರೂ ಅಜ್ಜಿ ‘ಇದು ಕವಡೆ ಥರ ಬೀಳಲ್ಲ’ ಅನ್ನಬಹುದು. ಅವರು ಹೇಳುವುದು ಸರಿಯೇ. ಕವಡೆಯ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸೀಳು. ನಾಣ್ಯದ ಹಾಗೆ ಸಮ ಅಲ್ಲ. ಅವರ ಕವಡೆಯನ್ನೇ ನೂರು ಸಲ ಹಾಕಿಸಿ, ಎಷ್ಟು ಸಲ ಬಾಯಿ ಮೇಲಾಯಿತು ಅಂತ ಬರೆದುಕೋ. ನೂರಕ್ಕೆ 58 ಬಂದರೆ ರ‍್ಯಾಂಡಮ್(100) ಕೊಡುವ ಅಂಕಿ 58ಕ್ಕಿಂತ ಕಡಿಮೆ ಇದ್ದಾಗ ಒಂದು, ಇಲ್ಲದಿದ್ದರೆ ಸೊನ್ನೆ. ಬರೆದುಕೊಳ್ಳುವ ಕೆಲಸ ತಮ್ಮನಿಗೆ ಕೊಡು, ಹೇಗೂ ಅವನ ನೆನಪು ಚೆನ್ನಾಗಿದೆ.