ಲಾಳ–ಲಗಾಮು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾವ ತೀರಿಕೊಂಡ ಮೇಲೆ ಅವರ ಜಟಕಾ, ಕುದುರೆ ಎರಡೂ ನನ್ನ ಪಾಲಿಗೆ ಬಂದಿವೆ. ಅರಮನೆ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡಿಸುತ್ತೇನೆ. ಲಾಳ ಕಟ್ಟಿಸಿದ ಮೂರು ವಾರಕ್ಕೇ ಸಡಿಲವಾಗಿ ಬೀಳುತ್ತದೆ. ಮೊಳೆ ಇನ್ನೆರಡು ಜಾಸ್ತಿ ಹೊಡೆಸಲೇ? ಟಾರು ರಸ್ತೆಯಲ್ಲಿ ಜಾರುವುದಕ್ಕೂ ಏನಾದರೂ ಹೇಳಿ.
– ಓದುಗರು, ಮೈಸೂರು

ಉತ್ತರ: ಬೇಡಿ ಸ್ವಾಮಿ, ಮೊಳೆ ಹೆಚ್ಚಿಸಲೇಬೇಡಿ. ಒಂದೊಂದು ಮೊಳೆಯೂ ಗೊರಸಿಗೆ ಒಂದೊಂದು ತೂತು. ಪಕ್ಕಪಕ್ಕದಲ್ಲೇ ಹೊಡೆಸುತ್ತ ಹೋದರೆ ಗೊರಸಿನ ಅಂಚು ಸೀಳಿ, ಮುಂದಿನ ಸಲ ಮೊಳೆಗೆ ಹಿಡಿತವೇ ಸಿಗುವುದಿಲ್ಲ. ಜಟಕಾ ಕುದುರೆಗೆ ಕಾಲಿಗೆ ಆರು ಸಾಕು. ಹಿಮ್ಮಡಿಯ ಕಡೆಗಂತೂ ಹೊಡೆಸಕೂಡದು. ಕಾಲೂರಿದಾಗಲೆಲ್ಲ ಗೊರಸಿನ ಹಿಂಭಾಗ ಒಂದಿಷ್ಟು ಅಗಲವಾಗುತ್ತದೆ. ಅಲ್ಲಿ ಮೊಳೆ ಬಿಗಿದರೆ ಆ ಆಟಕ್ಕೆ ತಡೆ ಬೀಳುತ್ತದೆ.

ಮುಂದಿನ ಸಲ ಲಾಳ ಕಟ್ಟುವಾಗ ಟೀ ಕುಡಿಯಲು ಹೋಗದೆ ಹತ್ತಿರವೇ ನಿಲ್ಲಿ. ಲಾಳ ಕಟ್ಟುವವನು ಗೊರಸಿಗೆ ಸರಿಯಾಗಿ ಲಾಳವನ್ನು ಬಗ್ಗಿಸುತ್ತಾನೋ, ಅಥವಾ ತಂದ ಲಾಳಕ್ಕೆ ಸರಿಯಾಗಿ ಗೊರಸನ್ನೇ ಅರದಿಂದ ಉಜ್ಜಿ ಚಿಕ್ಕದು ಮಾಡುತ್ತಾನೋ ನೋಡಿ. ನಿಮ್ಮ ಕಾಗದ ಓದಿದರೆ ಎರಡನೆಯದೇ ನಡೆಯುತ್ತಿದೆ ಅನ್ನಿಸುತ್ತದೆ. ಚಿಕ್ಕ ಲಾಳ ಬೇಗ ಬೀಳುತ್ತದೆ, ಗೊರಸನ್ನೂ ಕೆಡಿಸುತ್ತದೆ.

ಮೊಳೆಯ ಸದ್ದನ್ನೂ ಕೇಳಿ. ಲಾಳದ ಮೊಳೆಯ ತುದಿ ಒಂದು ಕಡೆ ಓರೆಯಾಗಿರುತ್ತದೆ. ಆ ಓರೆ ಒಳಮುಖವಾಗಿದ್ದರೆ ಮೊಳೆ ತಾನೇ ಹೊರಕ್ಕೆ ಬಾಗಿ, ಲಾಳಕ್ಕಿಂತ ಸುಮಾರು ಮುಕ್ಕಾಲು ಅಂಗುಲ ಮೇಲೆ ತಲೆಹಾಕುತ್ತದೆ. ಗಟ್ಟಿ ಗೊರಸಿನಲ್ಲಿ ಹೋಗುವಾಗ ಪೆಟ್ಟು ಟಣ್ ಅನ್ನುತ್ತದೆ, ಮೆತ್ತನೆಯ ಜಾಗಕ್ಕೆ ತಿರುಗಿದರೆ ಸದ್ದು ಮೊದ್ದಾಗುತ್ತದೆ. ಮೀರತ್‌ನ ಸೇನಾ ಲಾಯದಲ್ಲಿ ನಾನು ಈ ಕೆಲಸ ಕಲಿಯುವಾಗ ನಮ್ಮ ಉಸ್ತಾದರು ಬೆನ್ನು ತಿರುಗಿಸಿ ನಿಂತೇ "ತೆಗಿ ಅದನ್ನ" ಅನ್ನುತ್ತಿದ್ದರು. ಕುದುರೆ ಕಾಲು ಕಿತ್ತುಕೊಂಡರೆ ಮೊಳೆ ಗೊರಸಿನೊಳಗಿನ ಜೀವಂತ ಭಾಗಕ್ಕೆ ತಾಗಿದೆ ಎಂದೇ ಲೆಕ್ಕ. ತಕ್ಷಣ ಮೊಳೆ ತೆಗೆಸಿ, ತೂತು ತೊಳೆಸಿ, ಅಂದೇ ಪಶುವೈದ್ಯರ ಬಳಿ ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ. ಆ ರೋಗ ಕುದುರೆಗೆ ಬಲು ಬೇಗ ಅಂಟುತ್ತದೆ.

ಲಾಳ ಸವೆಯದಿದ್ದರೂ ಐದಾರು ವಾರಕ್ಕೊಮ್ಮೆ ಬಿಚ್ಚಿಸಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಿಸಬೇಕು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನ ಆಸುಪಾಸು ಬೆಳೆಯುತ್ತದೆ. ಹೊತ್ತೊತ್ತಿಗೆ ಕಾಲಿಗೆ ನೀರು ಬಿಡುವುದು, ಗಂಜಳದಲ್ಲೇ ರಾತ್ರಿಯಿಡೀ ನಿಲ್ಲಿಸುವುದು ಬಿಡಿ. ನೆನೆದ ಗೊರಸು ಮೊಳೆ ಹಿಡಿಯದು. ಜಾರುವುದಕ್ಕೆ ನುಣ್ಣಗೆ ಸವೆದ ಲಾಳವೇ ಕಾರಣ. ಉದ್ದಕ್ಕೂ ಗೀರು ತೋಡಿದ ಲಾಳ ಕೇಳಿ ತರಿಸಿ.

ಪ್ರಶ್ನೆ: ಇಲ್ಲಿನ ಮ್ಯಾಕಿನಾ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿ ಕಾರು ಇಲ್ಲ, ಕುದುರೆ ಗಾಡಿಯೇ ಎಲ್ಲ. ಆ ಆನೆಯಂಥ ಕುದುರೆಗಳ ಕುತ್ತಿಗೆಗೆ ದಪ್ಪ ಬಳೆಯಂಥದ್ದು ಹಾಕಿದ್ದರು. ನಮ್ಮ ಜಟಕಾ ಕುದುರೆಗೆ ಎದೆಗೊಂದು ಪಟ್ಟಿ ಮಾತ್ರ. ಯಾವುದು ಒಳ್ಳೆಯದು?
– ಓದುಗರು, ಮಿಷಿಗನ್, ಅಮೆರಿಕ

ಉತ್ತರ: ಆ ದ್ವೀಪದಲ್ಲಿ 1898ರಿಂದ ಮೋಟಾರು ಗಾಡಿಗೆ ನಿಷೇಧ. ಸಾಮಾನು, ಜನ, ಎಲ್ಲ ಕುದುರೆಯ ಮೇಲೇ. ಭಾರ ಹೆಚ್ಚಿದ್ದಲ್ಲಿ ಕುತ್ತಿಗೆಯ ಕಾಲರೇ ಮೇಲು. ಎಳೆತ ಎರಡು ಭುಜಕ್ಕೂ ಹಂಚಿಕೊಳ್ಳುತ್ತದೆ. ಆದರೆ ಅದು ಕುದುರೆಗೊಂದರಂತೆ ಅಳತೆಗೆ ಹೊಲಿಸಬೇಕಾದ ವಸ್ತು. ಕೆಳಗೆ, ಗಂಟಲಿನ ಹತ್ತಿರ ಅಂಗೈ ತೂರುವಷ್ಟು ಜಾಗ ಬಿಡಬೇಕು. ಕುದುರೆ ಸೊರಗಿದರೆ ಅಥವಾ ಮೈ ತುಂಬಿದರೆ ಕಾಲರೂ ಬದಲಾಗಬೇಕು. ಹೊಂದದ ಕಾಲರಿಗಿಂತ ಹೊಂದುವ ಎದೆಪಟ್ಟಿ ಎಷ್ಟೋ ವಾಸಿ. ಆ ಪಟ್ಟಿ ಭುಜದ ಮೂಳೆಯ ಮೂತಿಗಿಂತ ಮೇಲೆ, ಉಸಿರುನಳಿಗೆಗಿಂತ ಕೆಳಗೆ ಕೂರಬೇಕು. ಇವೆರಡರ ನಡುವೆ ಇರುವುದು ನಾಲ್ಕು ಬೆರಳಿನ ಜಾಗ, ನಮ್ಮವರು ತಪ್ಪುವುದೂ ಅಲ್ಲೇ. ನೈಲಾನ್ ಪಟ್ಟಿಗೆ ಬೆವರಿನ ಉಪ್ಪು ಒಣಗಿ ಅಂಟಿಕೊಂಡರೆ ಚರ್ಮ ಹೆರೆಯುತ್ತದೆ. ಕೂದಲು ಉದುರಿದ ಜಾಗ ಕಂಡ ದಿನವೇ ಪಟ್ಟಿ ತೊಳೆದು ಒಳಗೆ ಹತ್ತಿ ಬಟ್ಟೆ ಹೊಲಿಸಬೇಕು. ಗಾಯವೇ ಆದರೆ ಮಾಯುವ ತನಕ ಕುದುರೆಗೆ ರಜ. ಅರಿಶಿನ ಮೆತ್ತಿ ಮತ್ತೆ ಗಾಡಿಗೆ ಕಟ್ಟುವುದನ್ನು ನಾನು ಮದ್ದು ಅನ್ನಲಾರೆ.

ಪ್ರಶ್ನೆ: ಶ್ರೀರಂಗಪಟ್ಟಣ ನೋಡಲು ಹೋದಾಗ ಒಂದೇ ಗಾಡಿಯಲ್ಲಿ ದೊಡ್ಡವರೇ ಆರು ಜನ ಕೂತೆವು. ಹಿಂದೆ ಭಾರವಾಗಿ ಗಾಡಿ ಮೇಲೆದ್ದ ಹಾಗಾಯಿತು. ಇದು ಸರಿಯೇ?
– ಓದುಗರು, ಹಾಸನ

ಉತ್ತರ: ಸರಿಯಲ್ಲ. ಗಾಡಿ ಎಳೆಯುವ ಪ್ರಾಣಿಗಳ ಹಿಂಸೆ ತಡೆಯಲು ಮಾಡಿದ 1965ರ ಕೇಂದ್ರ ನಿಯಮದಂತೆ ಚಾಲಕ ಮತ್ತು ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ವರಿಗಷ್ಟೇ ಅವಕಾಶ. ದಿನಕ್ಕೆ ಒಂಬತ್ತು ಗಂಟೆ ಮೀರಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿಗೆ ಕಟ್ಟುವಂತಿಲ್ಲ. ಮುಳ್ಳಿನ ಕಡಿವಾಣವೂ ನಿಷಿದ್ಧ.

ಎರಡು ಚಕ್ರದ ಗಾಡಿಯಲ್ಲಿ ಹಿಂದೆ ಭಾರ ಬಿದ್ದರೆ ಕುದುರೆಯ ಎರಡೂ ಪಕ್ಕಕ್ಕೆ ಚಾಚಿದ ಮುಂದಿನ ಮರದ ದಂಡಗಳು ಎದ್ದು, ಹೊಟ್ಟೆಪಟ್ಟಿ ಕುದುರೆಯನ್ನು ಕೆಳಗಿಂದ ಬಿಗಿಯುತ್ತದೆ. ಮುಂದೆ ಬಿದ್ದರೆ ಅಷ್ಟೂ ಭಾರ ಬೆನ್ನಿಗೆ. ಮುಂದಿನ ಸಲ ಎರಡು ಗಾಡಿ ಮಾಡಿಕೊಳ್ಳಿ. ಇನ್ನೊಬ್ಬ ಜಟಕಾದವನಿಗೂ ಬಾಡಿಗೆ ಬೇಕಲ್ಲ.