ಸಂಪಾದಕರ ಉತ್ತರ: ರಕ್ತನಾಳ ಶಸ್ತ್ರಚಿಕಿತ್ಸೆ ಕಲಿಯಲು ಎಲ್ಲಿಗೆ, ಹೇಗೆ?

ಹುಬ್ಬಳ್ಳಿಯ ಓದುಗರೇ, ನಿಮ್ಮ ಪತ್ರ ಓದಿದೆವು. ಜನರಲ್ ಸರ್ಜರಿ ಎಂಎಸ್ ಕೊನೆಯ ವರ್ಷದಲ್ಲಿದ್ದೀರಿ, ವ್ಯಾಸ್ಕ್ಯುಲರ್ ಸರ್ಜರಿಗೆ ಹೋಗುವ ಮನಸ್ಸಿದೆ. ಎಂಎಸ್ ನಂತರದ ಎರಡು ಸೂಪರ್ ಸ್ಪೆಷಾಲಿಟಿ ಪದವಿಗಳಲ್ಲಿ ಎಂಸಿಎಚ್ ಮೇಲೋ ಡಿಆರ್‌ಎನ್‌ಬಿ ಮೇಲೋ, ಮೂರು ವರ್ಷದ ಬದಲು ಖಾಸಗಿ ಆಸ್ಪತ್ರೆಯೊಂದರಲ್ಲಿ ಒಂದು ವರ್ಷದ ಫೆಲೋಶಿಪ್ ಮಾಡಿದರೆ ಸಾಲದೇ, ಎಲ್ಲವೂ ಬಲೂನು-ಸ್ಟೆಂಟಿನತ್ತ ಹೊರಳಿರುವಾಗ ತೆರೆದು ಹೊಲಿಯುವ ಬೈಪಾಸ್ ಯಾಕೆ ಕಲಿಯಬೇಕು ಎಂದು ಕೇಳಿದ್ದೀರಿ. ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇವೆ. ಉಳಿದೆರಡರ ಉತ್ತರ ಅದನ್ನೇ ಅವಲಂಬಿಸಿದೆ.

ಬೈಪಾಸ್ ಕಲಿಯಲೇಬೇಕು. 1990ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಶಸ್ತ್ರಚಿಕಿತ್ಸಕ ಹ್ವಾನ್ ಪರೋಡಿ ಅವರು ಹೊಟ್ಟೆಯ ಮಹಾಪಧಮನಿಯ ಉಬ್ಬಿಗೆ ತೊಡೆಸಂದಿಯ ದಾರಿಯಿಂದಲೇ ಸ್ಟೆಂಟ್ ಗ್ರಾಫ್ಟ್ (ಬಟ್ಟೆ ಹೊದಿಸಿದ ಲೋಹದ ಜಾಲರಿಯ ನಳಿಕೆ) ಕೂರಿಸಿದ ಮೇಲೆ ಈ ವಿಭಾಗದ ಕೆಲಸದ ರೀತಿಯೇ ಬದಲಾಯಿತು, ನಿಜ. ಆದರೆ ನಮ್ಮ ಊರುಗಳಲ್ಲಿ ರಕ್ತನಾಳ ತಜ್ಞರ ಬಳಿಗೆ ಮತ್ತೆ ಮತ್ತೆ ಬರುವವರು ಯಾರು? ಸಕ್ಕರೆ ಕಾಯಿಲೆಯಿಂದ ಬೆರಳು ಕಪ್ಪಾದವರು, ಬೀಡಿ ಸೇದಿ, ಕೈಕಾಲಿನ ರಕ್ತನಾಳ ಮುಚ್ಚುವ ಬರ್ಜರ್ ಕಾಯಿಲೆಗೆ ತುತ್ತಾದ ಕಡಿಮೆ ವಯಸ್ಸಿನವರು, ಡಯಾಲಿಸಿಸ್‌ಗೆ ಫಿಸ್ಟುಲಾ (ಕೈಯ ಅಪಧಮನಿ-ಅಭಿಧಮನಿಗಳ ಜೋಡಣೆ) ಬೇಕಾದವರು, ಬೈಕ್ ಅಪಘಾತದಲ್ಲಿ ಮೊಣಕಾಲಿನ ಹಿಂದಿನ ಅಪಧಮನಿ ಹರಿದವರು. ಈ ಕೊನೆಯವರಿಗೆ ಕಾಲಿಗೆ ರಕ್ತ ಹರಿಯುವುದು ನಿಂತು ಆರು ಗಂಟೆ ದಾಟಿದರೆ ಸ್ನಾಯು ಸಾಯತೊಡಗುತ್ತದೆ. ಆಗ ಪೆಟ್ಟಾಗದ ಇನ್ನೊಂದು ಕಾಲಿನಿಂದ ಚರ್ಮದಡಿಯ ಉದ್ದನೆಯ ಸೆಫಿನಸ್ ಅಭಿಧಮನಿ ತೆಗೆದು, ಅದರ ಕವಾಟಗಳು ಹರಿವಿಗೆ ಅಡ್ಡ ಬಾರದಂತೆ ತಿರುಗಿಸಿ ಹೊಲಿಯಬೇಕು. ಜೊತೆಗೆ ಮೊಣಕಾಲಿನ ಕೆಳಗಿನ ಸ್ನಾಯುಗಳನ್ನು ಬಿಗಿ ಪೊರೆಯಲ್ಲಿ ಸುತ್ತಿರುವ ನಾಲ್ಕೂ ಕಂಪಾರ್ಟ್‌ಮೆಂಟ್‌ಗಳನ್ನು ಎರಡು ಸೀಳುಗಳಿಂದ ಬಿಡಿಸಬೇಕು. ಅನುಭವ ಸಾಲದವರು ಸಾಮಾನ್ಯವಾಗಿ ತಪ್ಪುವುದು ಆಳದ ಹಿಂಬದಿಯ ಕಂಪಾರ್ಟ್‌ಮೆಂಟಿನಲ್ಲಿ. ಮೀನಖಂಡದ ಸೋಲಿಯಸ್ ಸ್ನಾಯುವನ್ನು ಮೂಳೆಯಿಂದ ಬಿಡಿಸದೆ ಒಳಗೆ ತಲುಪಿದೆವು ಎಂದುಕೊಳ್ಳುತ್ತಾರೆ. ಹೊಲಿದ ಅಭಿಧಮನಿಯಲ್ಲಿ ರಕ್ತ ಚೆನ್ನಾಗಿ ಹರಿಯುತ್ತಿದ್ದರೂ ಆ ಕಾಲು ಉಳಿಯುವುದಿಲ್ಲ.

ಹೊಲಿಗೆಯ ವಿಚಾರಕ್ಕೆ ಬನ್ನಿ. ಕ್ಲ್ಯಾಂಪ್ ಹಾಕುವ ಮೊದಲು ಕೆಜಿಗೆ 80ರಿಂದ 100 ಯೂನಿಟ್ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಕೊಟ್ಟು, ಅದು ಮೈಯೆಲ್ಲ ಹರಡಲು ಕೆಲವು ನಿಮಿಷ ಕಾಯಬೇಕು. ದಾರ ಪಾಲಿಪ್ರೊಪಿಲೀನ್ (ಮೊದಲ ಅಂಕಿ ಹೆಚ್ಚಿದಷ್ಟೂ ದಾರ ಸಪೂರ): ತೊಡೆಯಲ್ಲಿ 5-0, ಮೊಣಕಾಲಿನ ಹಿಂದೆ 6-0, ಪಾದದ ಹತ್ತಿರದ ಸಣ್ಣ ಅಪಧಮನಿಗೆ 7-0. ಸೂಜಿ ಅಪಧಮನಿಯ ಒಳಗಿನಿಂದ ಹೊರಗೆ ಬರಬೇಕು. ಹೊರಗಿನಿಂದ ಚುಚ್ಚಿದರೆ ಸುಣ್ಣ ಕಟ್ಟಿದ ಒಳಪದರ ಗೋಡೆಯಿಂದ ಬಿಟ್ಟುಕೊಂಡು, ರಕ್ತ ಬಿಟ್ಟ ಕೂಡಲೇ ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ದಾರ ಹೆಚ್ಚು ಎಳೆದರೆ ಬಾಯಿ ಸಂಚಿ ಕಟ್ಟಿದಂತೆ ಕಿರಿದಾಗುತ್ತದೆ, ಸಡಿಲ ಬಿಟ್ಟರೆ ಸೋರುತ್ತದೆ. ಅಭಿಧಮನಿಯನ್ನು ಚರ್ಮದಡಿಯ ಸುರಂಗದಲ್ಲಿ ಎಳೆಯುವಾಗ ಒಂದು ಬದಿಗೆ ಉದ್ದಕ್ಕೂ ಗೆರೆ ಹಾಕಿಕೊಳ್ಳದಿದ್ದರೆ ತಿರುಚಿಕೊಂಡಿರುವುದು ಗೊತ್ತಾಗುವುದು ಮರುದಿನ, ಪಾದ ತಣ್ಣಗಾದಾಗ. ಕೊನೆಯ ಹೊಲಿಗೆ ಬಿಗಿಯುವ ಮುನ್ನ ಎರಡೂ ಕಡೆಯ ಕ್ಲ್ಯಾಂಪನ್ನು ಒಂದೊಂದಾಗಿ ಸಡಿಲಿಸಿ ಗಾಳಿ, ಹೆಪ್ಪು ಹೊರಬಿಡಬೇಕು. ಇವೆಲ್ಲ ಪುಸ್ತಕದಲ್ಲೂ ಇವೆ. ಆದರೆ ಕೈಗೆ ಬರುವುದು ಎದುರಿನ ಬದಿಯಲ್ಲಿ ಹಿರಿಯರು ನಿಂತು, ಸೂಜಿ ನಿಮ್ಮ ಕೈಯಲ್ಲಿದ್ದಾಗ ಮಾತ್ರ.

ಬಲೂನಿನ ಕೆಲಸ ಕಡಿಮೆಯದು ಎಂದು ಇದರ ಅರ್ಥವಲ್ಲ. ತೊಡೆಸಂದಿಯಲ್ಲಿ ಸೂಜಿ ಚುಚ್ಚುವುದೇ ಒಂದು ವಿದ್ಯೆ. ತೊಡೆಮೂಳೆಯ ತಲೆಯ ಎದುರಿಗೆ ಚುಚ್ಚಿದರೆ ಆಮೇಲೆ ಒತ್ತಲು ಹಿಂದೆ ಮೂಳೆ ಇರುತ್ತದೆ. ಅದಕ್ಕಿಂತ ಮೇಲೆ ಹೋದರೆ ಹೊಟ್ಟೆಯ ಹಿಂಭಾಗಕ್ಕೆ ರಕ್ತ ಸೋರುತ್ತದೆ, ಹೊರಗೇನೂ ಕಾಣದು, ಬಿಪಿ ಮಾತ್ರ ಇಳಿಯುತ್ತದೆ. ಕೆಳಗೆ ಹೋದರೆ ಸ್ಯೂಡೋಅನ್ಯೂರಿಸಂ, ಅಂದರೆ ತೂತಿನಿಂದ ಸೋರಿದ ರಕ್ತ ಅಪಧಮನಿಯ ಪಕ್ಕದಲ್ಲೇ ಉಬ್ಬಿಕೊಳ್ಳುವುದು. ಹೀಗಾಗಿ ಅಲ್ಟ್ರಾಸೌಂಡ್ ನೋಡಿಕೊಂಡೇ ಚುಚ್ಚುವುದನ್ನು ಮೊದಲ ದಿನದಿಂದ ರೂಢಿಸುವ ಕಡೆ ಕಲಿಯಿರಿ. ಫೋಗರ್ಟಿ ಬಲೂನಿನಿಂದ (ತುದಿಯಲ್ಲಿ ಬಲೂನಿರುವ ಸಪೂರ ಕೊಳವೆ) ಹೆಪ್ಪು ಎಳೆಯುವಾಗಲೂ ಅಷ್ಟೇ: ಎಳೆಯುವ ಕೈಯೂ ಬಲೂನು ಹಿಗ್ಗಿಸುವ ಕೈಯೂ ಒಬ್ಬರದೇ ಆಗಿರಬೇಕು. ಇಬ್ಬರ ಪಾಲಾದರೆ ಬಲೂನು ಹೆಚ್ಚು ಹಿಗ್ಗಿ ಒಳಪದರವನ್ನೇ ಕೆರೆದು ತರುತ್ತದೆ.

ನಿಮ್ಮ ಪತ್ರದಲ್ಲಿ ರಕ್ತನಾಳಗಳ ಹರಿವು, ಒತ್ತಡ ಅಳೆಯುವ ವ್ಯಾಸ್ಕ್ಯುಲರ್ ಲ್ಯಾಬಿನ ಮಾತೇ ಇಲ್ಲ, ಅದು ನಮಗೆ ಕಳವಳ ತಂದಿತು. ಅಲ್ಟ್ರಾಸೌಂಡ್‌ನಿಂದ ರಕ್ತದ ಹರಿವು ತೋರಿಸುವ ಡಾಪ್ಲರ್ ಪ್ರೋಬ್ ಅನ್ನು ಸ್ವತಃ ಹಿಡಿಯದ ರಕ್ತನಾಳ ತಜ್ಞರು ಬೇರೆಯವರ ವರದಿಯ ಮೇಲೆಯೇ ಚಾಕು ಹಿಡಿಯಬೇಕಾಗುತ್ತದೆ. ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.9ಕ್ಕಿಂತ ಕಡಿಮೆಯಾದರೆ ಕಾಲಿನ ಅಪಧಮನಿ ಕಾಯಿಲೆ ಎಂದು ಓದಿರುತ್ತೀರಿ. ಮಧುಮೇಹಿಗಳಲ್ಲಿ ಗೋಡೆಗೆ ಸುಣ್ಣ ಕಟ್ಟಿ ಅಪಧಮನಿ ಒತ್ತಿದರೂ ಮುಚ್ಚದು, ಅನುಪಾತ 1.4 ದಾಟಿ ಎಲ್ಲ ಸರಿ ಇದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಆಗ ಕಾಲ್ಬೆರಳಿನ ಒತ್ತಡ ನೋಡಬೇಕು, 30 ಮಿಮೀ ಪಾದರಸಕ್ಕಿಂತ ಕಡಿಮೆ ಇದ್ದರೆ ಗಾಯ ಮಾಯುವ ಆಸೆ ತೀರಾ ಕಡಿಮೆ. ಫಿಸ್ಟುಲಾ ಮಾಡುವ ಮುನ್ನ ಮುಂಗೈ ಅಭಿಧಮನಿಯನ್ನು ಅಳೆಯುವುದೂ ಇದೇ ಪ್ರೋಬ್‌ನಿಂದ. ಎರಡು ಮಿಮೀಗಿಂತ ಸಣ್ಣದರಲ್ಲಿ ಹೊಲಿದದ್ದು ಬಹುತೇಕ ಬಲಿಯುವುದಿಲ್ಲ. ಆರು ವಾರಕ್ಕೆ ಅಗಲ ಕನಿಷ್ಠ 6 ಮಿಮೀ, ಹರಿವು ನಿಮಿಷಕ್ಕೆ ಕನಿಷ್ಠ 600 ಮಿಲಿ ಇರಬೇಕು, ಚರ್ಮದಿಂದ ಆಳ 6 ಮಿಮೀ ಮೀರಬಾರದು ಎಂಬ ಲೆಕ್ಕವನ್ನು ರೋಗಿ ಡಯಾಲಿಸಿಸ್‌ಗೆ ಬರುವ ದಿನ ನೀವೇ ನೋಡಬೇಕು.

ಇನ್ನು ಪದವಿ. ಎಂಸಿಎಚ್, ಡಿಆರ್‌ಎನ್‌ಬಿ ಎರಡೂ ಎಂಎಸ್ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ನಂತರ ಮೂರು ವರ್ಷ, ಎರಡಕ್ಕೂ ಮುಖ್ಯ ದಾರಿ ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆಯಾದ ನೀಟ್-ಎಸ್‌ಎಸ್. ಎಂಸಿಎಚ್ ವೈದ್ಯಕೀಯ ಕಾಲೇಜುಗಳಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನಂಥ ಕಡೆ. ಡಿಆರ್‌ಎನ್‌ಬಿ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ, ಬೆಂಗಳೂರಿನ ಜೈನ್ ಇನ್‌ಸ್ಟಿಟ್ಯೂಟ್ ಆಫ್ ವ್ಯಾಸ್ಕ್ಯುಲರ್ ಸೈನ್ಸಸ್ ಅಂಥದು. ಪರೀಕ್ಷೆಯಲ್ಲಿ ಸರ್ಜರಿ ಗುಂಪಿನ ಎಲ್ಲರಿಗೂ ಒಂದೇ ಪತ್ರಿಕೆ, ಆದ್ದರಿಂದ ರಕ್ತನಾಳದ ಅಧ್ಯಾಯ ಒಂದನ್ನೇ ಅರೆದು ಕುಡಿದರೆ ರ‍್ಯಾಂಕ್ ಬರದು. ಸಿಟಿವಿಎಸ್ (ಹೃದಯ, ಎದೆ ಮತ್ತು ರಕ್ತನಾಳ ಶಸ್ತ್ರಚಿಕಿತ್ಸೆ) ಸೀಟನ್ನು ಇದರ ಬದಲಿ ಎಂದು ತುಂಬಬೇಡಿ. ಅಲ್ಲಿ ಹೃದಯವೇ ಮುಖ್ಯ, ಕಾಲಿನ ಕೆಲಸ ಎಷ್ಟು ಸಿಗುತ್ತದೆ ಎಂಬುದು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ನಮ್ಮ ಅಭಿಪ್ರಾಯದಲ್ಲಿ ಪದವಿಯ ಹೆಸರಿಗಿಂತ ಆ ಜಾಗದಲ್ಲಿ ಮಾಡಿದ ಕೇಸುಗಳ ದಾಖಲೆ, ಅಂದರೆ ಲಾಗ್‌ಬುಕ್ ದೊಡ್ಡದು.

ಒಂದು ವರ್ಷದ ಆಸ್ಪತ್ರೆ ಫೆಲೋಶಿಪ್ ಈ ಮೂರು ವರ್ಷಕ್ಕೆ ಸಮವಲ್ಲ. ವೈದ್ಯಕೀಯ ಮಂಡಳಿಯಲ್ಲಿ ಅದನ್ನು ಸೂಪರ್ ಸ್ಪೆಷಾಲಿಟಿ ಪದವಿಯಾಗಿ ನೋಂದಾಯಿಸಲಾಗದು. ಹನ್ನೆರಡು ತಿಂಗಳಲ್ಲಿ ವೆರಿಕೋಸ್ ವೇನ್‌ಗೆ ಲೇಸರ್, ಸರಳ ಆಂಜಿಯೋಪ್ಲಾಸ್ಟಿ ಕಲಿಯಬಹುದು. ಆದರೆ ಆಂಜಿಯೋಪ್ಲಾಸ್ಟಿ ನಡುವೆ ಅಪಧಮನಿ ಹರಿದಾಗ ತೆರೆದು ಸರಿಪಡಿಸುವ ಕೈ ಇಲ್ಲದಿದ್ದರೆ ಬೆಲೆ ತೆರುವವರು ರೋಗಿ. ಮೂರು ವರ್ಷ ಮುಗಿಸಿದ ಮೇಲೆ ಮಹಾಪಧಮನಿಯ ಸಂಕೀರ್ಣ ಸ್ಟೆಂಟಿಗೋ ಪಾದ ಉಳಿಸುವ ಕೆಲಸಕ್ಕೋ ಒಂದು ವರ್ಷ ಫೆಲೋಶಿಪ್ ಮಾಡಿದರೆ ಅದಕ್ಕೆ ಅರ್ಥವಿದೆ.

ಅಮೆರಿಕದ ಬಗ್ಗೆಯೂ ಒಂದು ಸಾಲು ಬರೆದಿದ್ದೀರಿ. ಅಲ್ಲಿ ಎಂಬಿಬಿಎಸ್ ಮಟ್ಟದ ಪದವಿಯ ನಂತರ ನೇರ ಐದು ವರ್ಷ, ಇಲ್ಲವೇ ಅಲ್ಲಿಯದೇ ಐದು ವರ್ಷದ ಜನರಲ್ ಸರ್ಜರಿ ಮುಗಿಸಿ ಎರಡು ವರ್ಷದ ಫೆಲೋಶಿಪ್. ನಿಮ್ಮ ಎಂಎಸ್ ಆ ಐದು ವರ್ಷಕ್ಕೆ ಬದಲಾಗಿ ನಿಲ್ಲುವುದಿಲ್ಲ. ಆದರೂ ಅವರ ಕೇಸು ಲೆಕ್ಕ ಅಳತೆಗೋಲಾಗಿ ಉಪಯುಕ್ತ. ಕನಿಷ್ಠ 250 ದೊಡ್ಡ ರಕ್ತನಾಳ ಕೇಸು. ಅದರ ಒಳಗಿನ ಕನಿಷ್ಠಗಳಲ್ಲಿ ಹೊಟ್ಟೆಯದು 30, ಕತ್ತು-ಮಿದುಳಿನ ದಾರಿಯದು 25, ಕೈಕಾಲಿನದು 45 ಸೇರಿವೆ.

ಆದ್ದರಿಂದ ಕೌನ್ಸೆಲಿಂಗ್‌ನಲ್ಲಿ ಆಯ್ಕೆ ತುಂಬುವ ಮುನ್ನ ಎರಡು ಮೂರು ಕಡೆ ಹೋಗಿ ಬನ್ನಿ. ವಿಭಾಗದ ಮುಖ್ಯಸ್ಥರಿಗಿಂತ ಮೊದಲು ಕೊನೆಯ ವರ್ಷದ ರೆಸಿಡೆಂಟ್ ಒಬ್ಬರ ಜೊತೆ ಕೂತು ಲಾಗ್‌ಬುಕ್ ತೋರಿಸುವಂತೆ ಕೇಳಿ. ಮುಖ್ಯ ಸರ್ಜನ್ ಆಗಿ ಮಾಡಿದ್ದೆಷ್ಟು, ಸಹಾಯಕರಾಗಿ ನಿಂತಿದ್ದೆಷ್ಟು ಎಂದು ಬೇರೆ ಬೇರೆ ಎಣಿಸಿ. ಮೊಣಕಾಲಿನ ಕೆಳಗಿನ ಬೈಪಾಸ್ ಕಳೆದ ವರ್ಷ ಯಾರ ಕೈಯಲ್ಲಿ ಆಯಿತು, ರಾತ್ರಿ ಅಪಘಾತದ ಕೇಸು ಬಂದಾಗ ಎಕ್ಸ್‌ರೇ ನೋಡುತ್ತ ಬಲೂನು-ಸ್ಟೆಂಟ್ ಹಾಕುವ ಕ್ಯಾತ್ ಲ್ಯಾಬ್ ತೆರೆಯುತ್ತದೆಯೇ, ಡಾಪ್ಲರ್ ಮಾಡುವುದು ರೆಸಿಡೆಂಟೋ ರೇಡಿಯಾಲಜಿಯವರೋ, ಪ್ರತಿಯೊಬ್ಬರಿಗೂ ವಿಕಿರಣ ಅಳೆಯುವ ಬ್ಯಾಡ್ಜ್ ಕೊಟ್ಟಿದ್ದಾರೆಯೇ ಎಂದು ವಿಚಾರಿಸಿ. ಓದು ಮುಗಿದ ಮೇಲೆ ಇಂತಿಷ್ಟು ಕಾಲ ದುಡಿಯುತ್ತೇನೆಂದು ಬರೆದುಕೊಡುವ ಸೇವಾ ಬಾಂಡಿನ ಅವಧಿ ಮತ್ತು ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ ಆ ಕಾಗದವನ್ನು ಸೀಟು ಸಿಕ್ಕಿದ ಮೇಲಲ್ಲ, ಆಯ್ಕೆ ತುಂಬುವ ಮೊದಲೇ ಓದಿಕೊಳ್ಳಿ.