25 ಲಕ್ಷ ಕೇಳುವ ಮುಂಚೆ ಪಹಣಿ ನೋಡಿ

(ಅರಸೀಕೆರೆ ತಾಲ್ಲೂಕಿನ ಓದುಗರೊಬ್ಬರ ಪತ್ರದ ಸಾರ: ನಮ್ಮೂರಲ್ಲಿ ಹೊಯ್ಸಳರ ಕಾಲದ್ದು ಎನ್ನುವ ಪಾಳು ಈಶ್ವರನ ಗುಡಿ ಇದೆ. ಪಕ್ಕದಲ್ಲಿ ಹೂಳು ತುಂಬಿದ ಕಲ್ಯಾಣಿ, ಹೊಲದ ಬದುವಿನಲ್ಲಿ ನಾಲ್ಕು ವೀರಗಲ್ಲು. ಸೋಬಾನೆ ಪದ ಹಾಡುವ ಅಜ್ಜಿಯರೂ ಇದ್ದಾರೆ. ಇದೆಲ್ಲ ಉಳಿಸಲು ಯುವಕ ಸಂಘದಿಂದ 25 ಲಕ್ಷ ರೂಪಾಯಿ ಅನುದಾನ ಕೇಳಿ ಎರಡು ಕಡೆ ಅರ್ಜಿ ಹಾಕಿದೆವು. ಉತ್ತರವೇ ಬರಲಿಲ್ಲ. ಅಮೆರಿಕದಲ್ಲಿರುವ ನಮ್ಮೂರಿನವರೂ ಹಣ ಕಳಿಸುತ್ತೇವೆ ಅಂತಿದ್ದಾರೆ. ಯಾರನ್ನು ಕೇಳಬೇಕು, ಹೇಗೆ ಬರೆಯಬೇಕು?)

ನಮಸ್ಕಾರ. ಪತ್ರದ ಜೊತೆ ನೀವು ಇಟ್ಟಿದ್ದ ಅರ್ಜಿಯನ್ನೂ ಪೂರ್ತಿ ಓದಿದೆ. ಎರಡು ಪುಟದಲ್ಲಿ ಒಂದೂವರೆ ಪುಟ ಹೊಯ್ಸಳರ ವೈಭವಕ್ಕೇ ಹೋಗಿದೆ. ಗುಡಿಯ ಉದ್ದಗಲ ಇಲ್ಲ, ಸರ್ವೆ ನಂಬರ್ ಇಲ್ಲ, ಯಾವ ಗೋಡೆ ವಾಲಿದೆ ಅಂತ ಇಲ್ಲ. ಕೊನೆಯಲ್ಲಿ ‘ಸಮಗ್ರ ಜೀರ್ಣೋದ್ಧಾರಕ್ಕೆ 25 ಲಕ್ಷ’ ಎಂದು ಒಂದೇ ಸಾಲು. ಓದುವವರಿಗೆ ಎಷ್ಟೇ ಮನಸ್ಸಿದ್ದರೂ ಕಡತ ಮುಂದಕ್ಕೆ ಕಳಿಸಲು ಆಧಾರ ಬೇಕಲ್ವಾ?

ಮೊದಲು ಪಹಣಿ ತೆಗೆಸಿ, ಗುಡಿ ಯಾರದ್ದು ಅಂತ ನೋಡಿ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕವಾಗಿದ್ದರೆ ನೀವು ಒಂದು ಕಲ್ಲನ್ನೂ ಅಲುಗಿಸುವ ಹಾಗಿಲ್ಲ. ಅದರ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಏನು ಕಟ್ಟಬೇಕಾದರೂ ಅನುಮತಿ ಬೇಕು. ರಾಜ್ಯ ಪುರಾತತ್ವ ಇಲಾಖೆಯದಾದರೆ ಅವರ ಒಪ್ಪಿಗೆ, ಮುಜರಾಯಿಯದಾದರೆ ಅವರದ್ದು, ಖಾಸಗಿ ಜಮೀನಾದರೆ ಮಾಲೀಕರದ್ದು. ಈ ಒಂದು ಕಾಗದ ಇಲ್ಲದೆ ಯಾರೂ ಹಣ ಕೊಡುವುದಿಲ್ಲ. ಕೊಡಲೂಬಾರದು.

ಎರಡನೆಯದಾಗಿ, ಗುಡಿ, ಕಲ್ಯಾಣಿ, ವೀರಗಲ್ಲು, ಹಾಡು ಎಲ್ಲವನ್ನೂ ಒಂದೇ ಅರ್ಜಿಗೆ ತುಂಬಬೇಡಿ. ಇವಕ್ಕೆ ಬೇರೆ ಬೇರೆ ಬಾಗಿಲುಗಳಿವೆ. ಕಲ್ಯಾಣಿಗೆ ಗ್ರಾಮ ಪಂಚಾಯಿತಿಯನ್ನು ಹಿಡಿಯಿರಿ. ನಮ್ಮ ರಾಜ್ಯದಲ್ಲಿ ನರೇಗಾ ಹಣದಿಂದಲೇ ಎಷ್ಟೋ ಕಲ್ಯಾಣಿಗಳ ಹೂಳು ತೆಗೆಸಿದ್ದಾರೆ. ಹಾಡುಗಳಿಗೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ. 1993ರಲ್ಲಿ ಶುರುವಾದ ಸಂಸ್ಥೆ. ಸಂಘವೇ ಆಗಬೇಕೆಂದಿಲ್ಲ, ವ್ಯಕ್ತಿಗಳಿಗೂ ಅನುದಾನ ಕೊಡುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಖರ್ಚಿನ ಪಟ್ಟಿಯಲ್ಲಿ ರೆಕಾರ್ಡರ್, ಓಡಾಟದ ಜೊತೆ ಹಾಡುವ ಅಜ್ಜಿಯರ ಸಂಭಾವನೆಯನ್ನೂ ದಯವಿಟ್ಟು ಸೇರಿಸಿ. ಅವರ ದಿನದ ಕೂಲಿ ತಪ್ಪಿಸಿ ಸುಮ್ನೆ ಹಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ಗುಡಿಗೆ ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಇದೆ. ರಾಜ್ಯ ಸರ್ಕಾರದ ಜೊತೆ ಸೇರಿ ಅದು ಹಳೆಯ ಗುಡಿಗಳನ್ನು ಎತ್ತಿ ನಿಲ್ಲಿಸಿರುವ ಲೆಕ್ಕ ಹೀಗೆ: ಸರ್ಕಾರ ಶೇ. 40, ಟ್ರಸ್ಟ್ ಶೇ. 40, ಊರಿನವರು ಶೇ. 20. ಅಂದರೆ ನಿಮ್ಮ 25 ಲಕ್ಷದಲ್ಲಿ ಐದು ಲಕ್ಷ ಊರಿಂದಲೇ ಹುಟ್ಟಬೇಕು. ಅದಕ್ಕೊಂದು ಗ್ರಾಮಸಭೆ ಮಾಡಿ, ನಡಾವಳಿ ಬರೆಸಿ, ಪ್ರತಿಯನ್ನು ಅರ್ಜಿಗೆ ಲಗತ್ತಿಸಿ.

ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಎತ್ತಿಡುವ (ಸಿಎಸ್‌ಆರ್) ಹಣವೂ ಪರಂಪರೆಯ ಕೆಲಸಕ್ಕೆ ಬರಬಹುದು, 2013ರ ಕಂಪನಿ ಕಾಯ್ದೆಯಲ್ಲಿ ಅದಕ್ಕೆ ಜಾಗ ಇದೆ. ಆದರೆ ನಿಮ್ಮಂಥ ಸಂಘಕ್ಕೆ ಆದಾಯ ತೆರಿಗೆ ವಿನಾಯಿತಿಯ (12ಎ, 80ಜಿ ಎಂದು ಕರೆಯುವ) ನೋಂದಣಿ, ಸಿಎಸ್‌ಆರ್ ಹಣ ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷ ಅಂಥದ್ದೇ ಕೆಲಸ ಮಾಡಿದ ಅನುಭವ ಎಲ್ಲ ಕೇಳುತ್ತಾರೆ. ಸದ್ಯಕ್ಕೆ ಬಿಡಿ. ಅಮೆರಿಕದವರ ವಿಷಯದಲ್ಲಿ ಮಾತ್ರ ಹುಷಾರು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ಪಡೆದವರ ಹಣ ವಿದೇಶಿ ದೇಣಿಗೆ ಎನಿಸಿಕೊಳ್ಳುತ್ತದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಅದರಲ್ಲಿ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಇನ್ನು ನಿಮ್ಮ ಅಂದಾಜು ಪಟ್ಟಿ. ಗ್ರಾನೈಟ್ ನೆಲಹಾಸು, ಸಿಮೆಂಟ್ ಗಿಲಾವು, ಆಸಿಡ್ ಹಾಕಿ ಕಲ್ಲು ತೊಳೆಯುವುದು. ಓದಿ ನಿಜಕ್ಕೂ ಸಂಕಟವಾಯಿತು. ಫೋಟೋ ನೋಡಿದರೆ ನಿಮ್ಮ ಗುಡಿ ಬಳಪದ ಕಲ್ಲಿನದು. ಆ ಕಲ್ಲು ಮೆದು. ಆಸಿಡ್ ಬಿದ್ದರೆ ಕೆತ್ತನೆಯ ಸೂಕ್ಷ್ಮವೇ ಹೋಗುತ್ತದೆ. ಸಿಮೆಂಟ್ ತೇವವನ್ನು ಒಳಗೇ ಕೂಡಿಹಾಕುತ್ತದೆ. ಹಳೆಯ ಕಟ್ಟಡಕ್ಕೆ ಸುಣ್ಣದ ಗಾರೆಯೇ ಸರಿ. ಈ ಪಟ್ಟಿಗೆ ಹಣ ಮಂಜೂರಾಗದ್ದೇ ಗುಡಿಯ ಪುಣ್ಯ. ಸ್ಮಾರಕಗಳ ಕೆಲಸ ಗೊತ್ತಿರುವ ಎಂಜಿನಿಯರ್ ಕೈಯಲ್ಲಿ ಹೊಸ ಪಟ್ಟಿ ಮಾಡಿಸಿ.

ನನ್ನನ್ನು ಕೇಳಿದರೆ ವೀರಗಲ್ಲಿನಿಂದ ಶುರು ಮಾಡಿ ಅಂತೀನಿ. ಅದಕ್ಕೆ ಹಣಕ್ಕಿಂತ ಶ್ರಮವೇ ಜಾಸ್ತಿ ಬೇಕು. ನೀವು ಕಳಿಸಿದ ಒಂದು ಫೋಟೋದಲ್ಲಿ ಕೆಳಗಿನ ಹಂತ ಅರ್ಧ ಮಣ್ಣಿನಲ್ಲಿದೆ, ಬಿಲ್ಲು ಹಿಡಿದ ಕೈ ಮಾತ್ರ ಕಾಣುತ್ತದೆ. ನಡುವಿನ ಹಂತದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುತ್ತಿದ್ದಾರೆ, ಮೇಲೆ ಲಿಂಗ. ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರ ಇರುವಂತಿದೆ. ಬಿ.ಎಲ್. ರೈಸ್ ಆರಂಭಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಕೊಟ್ಟಿದ್ದಾರೆ. ಅದರಲ್ಲಿ ನಿಮ್ಮೂರನ್ನು ಹುಡುಕಿ. ಈ ಸಾಲು ಅಲ್ಲಿದ್ದರೆ ಅದರ ಸಂಖ್ಯೆಯನ್ನು ಅರ್ಜಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ಇನ್ನೂ ದೊಡ್ಡ ಸುದ್ದಿ, ಕೂಡಲೇ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ನಿಮ್ಮ ಬದುವಿನಲ್ಲೂ ಏನಿದೆಯೋ!

ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆಯಿರಿ, ಅಕ್ಷರ ಚೆನ್ನಾಗಿ ಮೂಡುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಡಿ. ಅಕ್ಷರದ ಮೇಲೆ ಸೀಮೆಸುಣ್ಣ ತಿಕ್ಕಬೇಡಿ, ಕಲ್ಲನ್ನು ಕೀಳಬೇಡಿ. ನಾಲ್ಕೂ ಕಲ್ಲಿನ ಫೋಟೋ, ಅಳತೆ, ಸರ್ವೆ ನಂಬರ್ ಸೇರಿಸಿ ನಾಲ್ಕು ಪುಟ ಮಾಡಿದರೆ ನಿಮ್ಮ ಸಂಘ ಕೆಲಸ ಮಾಡಿದೆ ಎನ್ನಲು ಪುರಾವೆ ಸಿಕ್ಕಿತು. ಮುಂದಿನ ಎಲ್ಲ ಅರ್ಜಿಗೂ ಅದನ್ನು ಲಗತ್ತಿಸಬಹುದು. ಹೊಸ ಅರ್ಜಿಯ ಕರಡನ್ನು ನನಗೂ ಕಳಿಸಿ, ಓದಿ ತಿದ್ದಿ ಕೊಡುತ್ತೇನೆ.

– ಸಂಪಾದಕ